ಅಕ್ಕ ಮಲಗಿ ನೋಡಿದ ಕೋಣೆ

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುವವರು ನಮ್ಮ ಮನೆಯಲ್ಲಿ ಎರಡು ದಿನ ಇದ್ದು ನೋಡಲಿ. ಹದಿನಾಲ್ಕು ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ. ಜಗಳ ಆಡೋಣವೆಂದರೂ ಅವಳು ಕೈಗೆ ಸಿಗುವುದಿಲ್ಲ. ಒಂದೋ ಒಗೆಯುತ್ತಿರುತ್ತಾಳೆ, ಇಲ್ಲವೇ ಮಡಚುತ್ತಿರುತ್ತಾಳೆ. ಯಾರ ಮನೆಗಾದರೂ ಹೋದರೆ ಮಾತಾಡುತ್ತಾ ಮಾತಾಡುತ್ತಾ ಅವರ ಹಗ್ಗದ ಮೇಲಿನ ಬಟ್ಟೆಯನ್ನೂ ತೆಗೆದು ಮಡಚಿಟ್ಟು ಬರುತ್ತಾಳೆ.

ನಾವಿಬ್ಬರೂ ಕೆಲಸ ಮಾಡುವುದು ಸಮುದ್ರದ ದಡದ ಒಂದು ರೆಸಾರ್ಟಿನಲ್ಲಿ. ಅಲ್ಲಿಗೆ ರಸ್ತೆ ಇಲ್ಲ. ಹಿಂದೆ ಗುಡ್ಡ, ಮುಂದೆ ನೀರು, ನಡುವೆ ಒಂದಿಷ್ಟು ಮರಳು, ದೋಣಿಯಲ್ಲೇ ಹೋಗಬೇಕು. ಹನ್ನೆರಡು ಕುಟೀರಗಳಿವೆ. ಜನ ಎಲ್ಲೆಲ್ಲಿಂದಲೋ ಬಂದು, ನಾಲ್ಕು ದಿನ ಏನೂ ಮಾಡದೆ ಬಿದ್ದುಕೊಂಡಿದ್ದು ಹೋಗುತ್ತಾರೆ. ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತೇನೆ. ಅಕ್ಕ ಗುಡ್ಡದ ಮಗ್ಗುಲಿನ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

ಕೆಲಸದವರು ಮುಂದಿನ ದಡದಲ್ಲಿ ಕಾಣಿಸಿಕೊಳ್ಳಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಅತಿಥಿಗಳ ಮುಖವನ್ನು ಅಕ್ಕ ನೋಡಿದ್ದೇ ಇಲ್ಲ. ಆದರೆ ಬಂದು ಬೀಳುವ ಬೆಡ್‌ಶೀಟು ನೋಡಿ ಅವರ ಜಾತಕವನ್ನೇ ಬಿಚ್ಚಿಡುತ್ತಿದ್ದಳು. "ಐದನೇ ಕುಟೀರದವರು ಮುನಿಸ್ಕೊಂಡಿದಾರೆ ಕಣೇ, ಒಂದೇ ಕಡೆ ಸುಕ್ಕಾಗಿದೆ. ಇನ್ನೊಬ್ರು ಸೋಫಾ ಮೇಲೆ ಮಲಗಿರ್ಬೇಕು" ಎನ್ನುವಳು. ಮರುದಿನ ವಿಚಾರಿಸಿದರೆ ಅದು ನಿಜವಾಗಿರುತ್ತಿತ್ತು.

ಹೋದ ವರ್ಷ ಅವಳ ಬಲಗೈ ಮಣಿಕಟ್ಟು ಕೈಕೊಟ್ಟಿತು. ಡಾಕ್ಟರು ಒತ್ತಿ ನೋಡಿ, "ಇಸ್ತ್ರಿ ಕೆಲಸ ಬಿಟ್ಟರೆ ಕೈ ಉಳಿಯುತ್ತೆ, ಬಿಡದಿದ್ರೆ ನಾನು ಜವಾಬ್ದಾರ ಅಲ್ಲ" ಎಂದರು. ಇಸ್ತ್ರಿ ಬಿಟ್ಟರೆ ಅವಳಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಒಂದೇ ಒಂದು ದಾರಿಯಿತ್ತು. ಕೋಣೆಗಳ ಮೇಲ್ವಿಚಾರಕಿಯಾಗಿದ್ದ ಹಿರಿಯ ಹೆಂಗಸು ಆ ವರ್ಷ ನಿವೃತ್ತಿಯಾಗುವವರಿದ್ದರು. ಅಕ್ಕ ಜೀವ ಗಟ್ಟಿ ಮಾಡಿಕೊಂಡು ಮ್ಯಾನೇಜರ ಎದುರು ನಿಂತು ಆ ಜಾಗ ಕೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮ್ಯಾನೇಜರು ಕೆಟ್ಟ ಮನುಷ್ಯನೇನಲ್ಲ, ಆದರೆ ಅಳತೆಪಟ್ಟಿ ನುಂಗಿದವರ ಹಾಗೆ ಇರುತ್ತಾರೆ. "ಕೈ ಇರೋರು ನನಗೆ ಬೇಕಾದಷ್ಟು ಜನ ಇದಾರೆ. ಅತಿಥಿಯ ಕಣ್ಣು ಇರೋರು ಬೇಕು. ಈ ಸಲ ಏಳನೇ ಕುಟೀರದಲ್ಲಿ ನೀವು ಮಲಗಿ ನೋಡಿ. ಆಮೇಲೆ ಮಾತಾಡೋಣ" ಎಂದರು.

'ಮಲಗಿ ನೋಡುವುದು' ನಮ್ಮಲ್ಲಿಯ ಪದ್ಧತಿ. ವರ್ಷಕ್ಕೆ ಮೂರು ತಿಂಗಳು ರೆಸಾರ್ಟು ಮುಚ್ಚಿರುತ್ತದೆ. ಮತ್ತೆ ತೆರೆಯುವ ಮೊದಲು ಒಂದೊಂದು ಕುಟೀರದಲ್ಲೂ ಕೆಲಸದವರೊಬ್ಬರು ಒಂದು ಹಗಲು ಒಂದು ರಾತ್ರಿ ಅತಿಥಿಯಂತೆ ಇದ್ದು, ನಲ್ಲಿ ಸೋರುತ್ತದೆಯೋ, ಬಾಗಿಲು ಕಿರುಗುಟ್ಟುತ್ತದೆಯೋ ನೋಡಿ, ಮೂವತ್ತು ಪ್ರಶ್ನೆಗಳ ಕಾಗದ ತುಂಬಿಕೊಡಬೇಕು. ಪೊರಕೆ ಮುಟ್ಟುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು. ಬಾವನನ್ನು ಕೇಳಿದರೆ, "ಅಲ್ಲಿ ಕೂತು ನಾನೇನು ಮಾಡ್ಲಿ?" ಎಂದರು. ನಾನು ಮಾತ್ರ ಕರೆಯುವ ಮೊದಲೇ ಚೀಲ ಕಟ್ಟಿದ್ದೆ.

ಕುಟೀರದ ತನಕ ನಮ್ಮ ಚೀಲ ಹೊತ್ತು ತಂದದ್ದು ಕೋಣೆ ಸ್ವಚ್ಛ ಮಾಡುವವನು, ನಾವೆಲ್ಲ 'ಕೋಣೆ ಅಣ್ಣ' ಎಂದು ಕರೆಯುವವನು. ಹನ್ನೊಂದು ವರ್ಷದಿಂದ ನಮ್ಮ ಜೊತೆ ಅದೇ ದೋಣಿಯಲ್ಲಿ ಬರುವವನು. ಅಂದು ನೆಟ್ಟಗೆ ನಿಂತು, "ಮೇಡಂ, ಇನ್ನೇನಾದ್ರೂ ಬೇಕಾ?" ಎಂದ. ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ. "ನೀನು ಹೋಗಪ್ಪ, ನಿಂಗೆ ಕೆಲಸ ಇರುತ್ತೆ" ಎಂದು ಅವನನ್ನು ಕಳಿಸಿ, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ತುದಿಗಾಲಲ್ಲಿ ಒಳಗೆ ಬಂದಳು.

ಒಳಗೆ ಬಂದವಳು ಹಾಗೇ ನಿಂತುಬಿಟ್ಟಳು. ಎದುರಿನ ಗೋಡೆಯ ಜಾಗದಲ್ಲಿ ಇಡೀ ಗಾಜು. ಅದರಾಚೆ ನಾಲ್ಕು ಹೆಜ್ಜೆ ಜಗಲಿ, ಅಲ್ಲಿಂದಾಚೆ ಬರೀ ಸಮುದ್ರ. ಸಮುದ್ರ ನಮಗೇನು ಹೊಸದೇ? ದಿನಾ ಎರಡು ಸಲ ದಾಟುತ್ತೇವೆ. ಆದರೆ ದಾಟುವಾಗ ಅದನ್ನು ನೋಡುವವರು ಯಾರು? ಬುತ್ತಿ ಚೆಲ್ಲದಂತೆ ಹಿಡಿಯುವುದು, ದೋಣಿ ತಡವಾಯಿತೆಂದು ಗೊಣಗುವುದು, ಇಷ್ಟೇ. ಅಂದು ನೀರು ದಡದ ಹತ್ತಿರ ಗಾಜಿನ ಬಣ್ಣಕ್ಕಿತ್ತು, ಮುಂದೆ ಹಸಿರು, ಅದರಾಚೆ ಹೆಸರಿಡಲು ಬಾರದ ಒಂದು ನೀಲಿ. ಇಷ್ಟು ದೊಡ್ಡದನ್ನು ಪಕ್ಕದಲ್ಲಿಟ್ಟುಕೊಂಡು ಇಷ್ಟು ವರ್ಷ ಈರುಳ್ಳಿ ಹೆಚ್ಚಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಕ್ಕ ಮೆಲ್ಲಗೆ ಚೀಲ ಬಿಚ್ಚಿದಳು. ಅದರಲ್ಲಿ ಮನೆಯ ಹಳೆ ಬೆಡ್‌ಶೀಟು, ಮನೆಯ ಟವೆಲ್ಲು, ಅರ್ಧ ಸವೆದ ಸೋಪು.

"ಇದೆಲ್ಲ ಯಾಕಕ್ಕಾ?"

"ಆ ಹಾಸಿಗೆ ಮೇಲೆ ಹೇಗೆ ಮಲಗೋದು ಕಣೇ? ಆ ಶೀಟಿಗೆ ನಾನೇ ಇಸ್ತ್ರಿ ಹಾಕಿದ್ದು. ಒಂದು ಗೆರೆ ಇಲ್ಲ ನೋಡು. ಇದನ್ನ ಮೇಲೆ ಹಾಸ್ಕೊಂಡು ಮಲಗ್ತೀನಿ."

ನಾನು ಆ ಹಳೆ ಬೆಡ್‌ಶೀಟನ್ನು ಕಿತ್ತುಕೊಂಡು ಕಪಾಟಿನ ಮೇಲೆಸೆದೆ. ಅವಳ ಭುಜ ಹಿಡಿದು ಹಾಸಿಗೆಯ ಮೇಲೆ ಕೆಡವಿದೆ. ಕೈಕಾಲು ಸೆಟೆದುಕೊಂಡು ಮಲಗಿದಳು. ಪರದೆ ಎಳೆಯಲು ಹೋದರೆ, "ಅದೊಂದು ಇರಲಿ ಬಿಡೇ, ನೋಡ್ತೀನಿ" ಎಂದಳು. ಮಧ್ಯಾಹ್ನವಾದರೆ ಪರದೆ ಎಳೆದು ಎಸಿ ಹಾಕುವುದು ಅಲ್ಲಿನ ಕ್ರಮ. ನಾವು ಎಳೆಯಲಿಲ್ಲ.

ನಾಲ್ಕು ಗಂಟೆ ದಾಟಿತ್ತು. ಬಿಸಿಲು ಸಮುದ್ರದ ಕಡೆಗೆ ವಾಲಿತು. ಆಗ ಅಕ್ಕ, "ಏ, ಮೇಲೆ ನೋಡು" ಎಂದಳು.

ನಾನೂ ಅವಳ ಪಕ್ಕ ಬಿದ್ದುಕೊಂಡು ನೋಡಿದೆ. ನೀರಿನ ಮೇಲೆ ಬಿದ್ದ ಬಿಸಿಲು ಗಾಜಿನಿಂದ ಒಳಗೆ ಬಂದು ಬಿಳಿ ಛಾವಣಿಯ ತುಂಬ ಆಡುತ್ತಿತ್ತು. ಸಣ್ಣ ಸಣ್ಣ ಬೆಳಕಿನ ಗೆರೆಗಳು ಕೂಡುತ್ತಿದ್ದವು, ಬಿಡುತ್ತಿದ್ದವು, ಒಂದರೊಳಗೊಂದು ಹೊಕ್ಕು ಹೊರಬರುತ್ತಿದ್ದವು. ಒಂದು ಕ್ಷಣವೂ ನಿಲ್ಲಲಿಲ್ಲ. ಒಮ್ಮೆಯೂ ಮೊದಲಿನ ಹಾಗೆ ಆಗಲಿಲ್ಲ.

"ಯಾರೋ ಬಿಳಿ ಬಟ್ಟೆ ಜಾಲಿಸ್ತಿರೋ ಹಾಗಿದೆ" ಎಂದಳು ಅಕ್ಕ. ಅವಳ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬಿಗೆ ಇಂಗುತ್ತಿತ್ತು. ಸುಮಾರು ಒಂದು ಗಂಟೆ ಹಾಗೇ ಮಲಗಿದ್ದೆವು. ಹಗಲು ಹೊತ್ತಿನಲ್ಲಿ ಏನೂ ಮಾಡದೆ ಅವಳು ಅಷ್ಟು ಹೊತ್ತು ಇದ್ದದ್ದನ್ನು ನಾನು ಕಂಡದ್ದು ಅಂದೇ.

ತಪ್ಪಾದದ್ದು ಮರುದಿನ. ಅದರಲ್ಲಿ ಅರ್ಧ ಪಾಲು ನನ್ನದು. ಬೆಳಿಗ್ಗೆ ತಿಂಡಿ ತಿಂದು, ಮರಗಳ ನಡುವೆ ಕಟ್ಟಿದ ಬಲೆಯ ತೂಗುಹಾಸಿಗೆಯಲ್ಲಿ ಮಹಾರಾಣಿಯ ಹಾಗೆ ಒರಗಿದವಳು ನಿದ್ದೆ ಹೋದೆ. ಎದ್ದು ಓಡಿ ಬಂದಾಗ ಹನ್ನೊಂದೂವರೆ, ಮ್ಯಾನೇಜರು ಕೋಣೆ ನೋಡಲು ಬರುವ ಹೊತ್ತು. ಒಳಗೆ ಕಾಲಿಟ್ಟು ನೋಡಿದರೆ, ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ನಾಲ್ಕು ಮೂಲೆಯೂ ಲಕೋಟೆ ಮಡಚಿದ ಹಾಗೆ. ಬಚ್ಚಲು ಒಣಗಿ ಹೊಳೆಯುತ್ತಿದೆ. ರೆಸಾರ್ಟಿನ ಸೋಪಿನ ಕಾಗದ ಕೂಡ ಬಿಚ್ಚಿಲ್ಲ. ಅಕ್ಕ ಜಗಲಿಯ ಮರಳನ್ನು ಅಂಗೈಯಲ್ಲೇ ಬಳಿಯುತ್ತಿದ್ದಳು.

"ಅಯ್ಯೋ ನನ್ನ ಕರ್ಮವೇ, ಏನು ಮಾಡಿಬಿಟ್ಟೆ ಅಕ್ಕಾ!"

"ಪೊರಕೆ ಮುಟ್ಟಿಲ್ಲ ಕಣೇ" ಎಂದಳು, ಅದೊಂದು ದೊಡ್ಡ ಸಮಾಧಾನವೆಂಬಂತೆ. "ನಾನು ಮಲಗಿ ಎದ್ದ ಹಾಸಿಗೇನ ಇನ್ನೊಬ್ರಿಗೆ ಹೇಗೆ ಬಿಟ್ಟು ಹೋಗ್ಲಿ?"

ಮತ್ತೆ ಹಾಸಿಗೆ ಕೆದರೋಣವೆಂದು ನಾನು ನುಗ್ಗುವಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿದ್ದರು. ಕೋಣೆಯನ್ನೊಂದು ಸುತ್ತು ಹಾಕಿ, ಕಾಗದ ಕೈಗೆತ್ತಿಕೊಂಡರು. ಮೂವತ್ತು ಪ್ರಶ್ನೆಗೂ ಅಕ್ಕ ಬರೆದದ್ದು ಒಂದೇ ಉತ್ತರ: 'ಚೆನ್ನಾಗಿದೆ'.

"ನೀವು ಇಲ್ಲಿ ಇದ್ದೇ ಇಲ್ಲ. ಬಂದು, ಕೂತು, ಹಿಂದಿನ ಬಾಗಿಲಿಂದ ಲಾಂಡ್ರಿಗೆ ಹೋಗಿ ಮಲಗಿದೀರಿ" ಎಂದರು ಮ್ಯಾನೇಜರು.

"ಇದ್ವಿ ಸಾರ್! ಅವಳಿಗೆ ಸುಳ್ಳು ಹೇಳೋಕೆ ಬಂದಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಕುರ್ಚಿಯಲ್ಲಿ ಕೂತಿರ್ತಿದ್ಲು" ಎಂದೆ. ನಾಲಿಗೆ ಕಚ್ಚಿಕೊಂಡರೂ ಆಡಿದ ಮಾತು ಹೊರಗಾಗಿತ್ತು.

ಅವರು ನನ್ನ ಕಡೆ ನೋಡಲಿಲ್ಲ. "ಇದ್ರಿ ಅಂತಲೇ ಇಟ್ಕೊಳ್ಳೋಣ. ಅತಿಥಿ ಹಾಗೆ ಇರಿ ಅಂದ್ರೆ ಕೆಲಸದೋರ ಹಾಗೆ ಇದೀರಿ. ಒಂದು ದಿನ ಕೈ ಕಟ್ಟಿ ಕೂರೋಕೆ ಆಗದೋರು ನಾಳೆ ಹನ್ನೆರಡು ಕೋಣೆ ಹೇಗೆ ನೋಡ್ಕೊತೀರಿ? ಎಲ್ಲಾನೂ ನೀವೇ ಒರೆಸ್ಕೊಂಡು ಹೋಗ್ತೀರಾ?"

ಆ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಅಕ್ಕ ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದು ನಿಂತಿದ್ದಳು. ಕೆಲಸ ಹೋಯಿತೆಂದು ಅವಳ ಮುಖವೇ ಹೇಳುತ್ತಿತ್ತು. ಮ್ಯಾನೇಜರು ಹೊರಡುವಾಗ ಅವಳು ಕೇಳಿದಳು.

"ಸಾರ್, ನೀವು ಈ ಹಾಸಿಗೆ ಮೇಲೆ ಯಾವತ್ತಾದ್ರೂ ಮಲಗಿದೀರಾ?"

"ಇಲ್ಲ. ಯಾಕೆ?"

"ಮಧ್ಯಾಹ್ನ ಪರದೆ ಎಳೀಬೇಡಿ ಅಂತ ಬರೀಬೇಕಿತ್ತು ನಾನು. ಆ ಕಾಗದದಲ್ಲಿ ಅದಕ್ಕೆ ಜಾಗ ಇರ್ಲಿಲ್ಲ. ಸಂಜೆ ನಾಲ್ಕು ಗಂಟೆ ಮೇಲೆ ಒಂದು ಸಲ ಬಂದು ಮಲಗಿ ನೋಡಿ ಸಾರ್. ಆಮೇಲೆ ನನ್ನ ಕಳಿಸಿ."

ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ನಾಲ್ಕೂಕಾಲಿಗೆ ಬಂದರು. ಪಕ್ಕದ ಕುಟೀರಕ್ಕೆ ಶೀಟು ಬದಲಿಸಲು ಹೊರಟಿದ್ದ ಕೋಣೆ ಅಣ್ಣನೂ ಬಾಗಿಲಲ್ಲಿ ನಿಂತ. ಮ್ಯಾನೇಜರು ಗಡಿಯಾರ ನೋಡಿಕೊಂಡರು, ಬೂಟು ಬಿಚ್ಚಿದರು. ಒಂದು ಕಾಲುಚೀಲ ಹೆಬ್ಬೆರಳ ಹತ್ತಿರ ತೂತಾಗಿತ್ತು. ನಾನು ಸಮುದ್ರದ ಕಡೆ ಮುಖ ತಿರುಗಿಸಿ ನಗು ನುಂಗಿದೆ. ಆಸ್ಪತ್ರೆಯಲ್ಲಿ ಮಲಗಿದವರ ಹಾಗೆ ಅವರು ಅಂಗಾತ ಮಲಗಿದರು.

ಬೆಳಕು ಆಗಲೇ ಬಂದಿತ್ತು. ಹಿಂದಿನ ದಿನಕ್ಕಿಂತ ಜೋರಾಗಿತ್ತು. ಛಾವಣಿ ಇದೆಯೆನ್ನುವುದೇ ಮರೆತುಹೋಗುವಂತೆ ಆಡುತ್ತಿತ್ತು. ನಾವು ನೀರಿನಡಿ ನಿಂತಿದ್ದೇವೆ, ಉಸಿರೂ ಆಡುತ್ತಿದೆ ಎನ್ನಿಸಿತು. ಮ್ಯಾನೇಜರ ಕೈಗಳು ಮೊದಲು ಎದೆಯ ಮೇಲಿದ್ದವು, ಆಮೇಲೆ ಒಂದೊಂದಾಗಿ ಪಕ್ಕಕ್ಕೆ ಜಾರಿದವು. ಹತ್ತು ನಿಮಿಷವೋ ಇಪ್ಪತ್ತೋ, ಗಡಿಯಾರ ಇದ್ದವರೇ ನೋಡಿಕೊಳ್ಳಲಿಲ್ಲ.

"ಹನ್ನೆರಡು ಕೋಣೆಯಲ್ಲೂ ಇದು ಬರುತ್ತಾ?" ಎಂದು ಕೇಳಿದರು, ಮಲಗಿದ್ದಲ್ಲಿಂದಲೇ.

"ಗೊತ್ತಿಲ್ಲ ಸಾರ್. ಮಲಗಿ ನೋಡ್ಬೇಕು" ಎಂದಳು ಅಕ್ಕ.

ಅವರು ಎದ್ದು, ಬೂಟು ಕೈಯಲ್ಲೇ ಹಿಡಿದುಕೊಂಡು ನಿಂತರು. ಹಾಸಿಗೆಯ ಮೇಲೆ ಅವರ ಮೈಯ ಅಚ್ಚು, ಸುಕ್ಕು, ಮೂಲೆ ಕಿತ್ತುಬಂದ ಶೀಟು. ಅಕ್ಕನ ಕೈ ತಂತಾನೇ ಮುಂದೆ ಹೋಯಿತು. ಹೋದದ್ದನ್ನು ನಾನೂ ಕಂಡೆ, ಮ್ಯಾನೇಜರೂ ಕಂಡರು. ಶೀಟಿಗೆ ನಾಲ್ಕು ಬೆರಳು ಅಂತರವಿರುವಾಗ ಆ ಕೈ ನಿಂತಿತು. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮುಖ ಕೆಂಪಾಗಿತ್ತು. ಅಷ್ಟು ಕಷ್ಟದ ಕೆಲಸ ಅವಳು ಇಸ್ತ್ರಿಯ ಮುಂದೆಯೂ ಮಾಡಿರಲಿಲ್ಲ.

ಕೋಣೆ ಅಣ್ಣ ಹೊಸ ಶೀಟು ಹಿಡಿದು ಒಳಗೆ ಬಂದ. "ಬಿಡಿ, ನಾನು ಸರಿ ಮಾಡ್ತೀನಿ" ಎಂದ.

"ಮಾಡುವೆಯಂತೆ" ಎಂದಳು ಅಕ್ಕ. "ಮೊದಲು ಚಪ್ಪಲಿ ಬಿಟ್ಟು ಮಲ್ಕೋ."

ಅವನು ಗಾಬರಿಯಿಂದ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಅಕ್ಕನ ಮುಖ ನೋಡಿದರು, ಆಮೇಲೆ ಅವನಿಗೆ ಹೇಳಿದರು: "ನನ್ನನ್ನೇನು ನೋಡ್ತೀಯಾ? ಮೇಲ್ವಿಚಾರಕಿ ಹೇಳ್ತಿದಾರಲ್ಲ."

ಹನ್ನೊಂದು ವರ್ಷದಿಂದ ಆ ಹಾಸಿಗೆ ಹಾಸುತ್ತಿದ್ದ ಮನುಷ್ಯ ಹೊಸ ಶೀಟನ್ನು ಎದೆಗವಚಿಕೊಂಡೇ ಅಂಚಿನಲ್ಲಿ ಕೂತ, ಮೆಲ್ಲಗೆ ಹಿಂದಕ್ಕೊರಗಿದ, ಮೇಲೆ ನೋಡಿದ. "ಅಮ್ಮಾ" ಎಂದ.