ಚಿಕ್ಕಮ್ಮ ಕೂತರೆ ಆರಿಹೋಗುವ ಕಂಪ್ಯೂಟರ್

ನಮ್ಮ ಕಡೆಯವರು ಈ ಕಥೆಯನ್ನು ಹೇಳುವ ಕ್ರಮ ಒಂದಿದೆ. ಗುಲಾಬಿ ತೋಟದ ಆಫೀಸಿನ ಕಂಪ್ಯೂಟರ್ ದಿನಾ ತಾನಾಗಿ ಆರಿಹೋಗುತ್ತಿತ್ತು, ಕಾಲೇಜು ಹುಡುಗನೊಬ್ಬ ರಜೆಗೆ ಬಂದ, ಡಬ್ಬಿ ಬಿಚ್ಚಿದ, ಉಫ್ ಎಂದು ಊದಿದ, ಸರಿಹೋಯಿತು. ಆ ಹುಡುಗ ನಾನೇ. ಹೊಗಳಿಕೆ ತಾನಾಗಿ ಬಂದು ಮಡಿಲಿಗೆ ಬಿದ್ದಾಗ ಸುಮ್ಮನಿರುವುದು ಜಾಣತನ ಎಂದು ನನಗೂ ಗೊತ್ತು. ಆದರೆ ಈ ಕಥೆ ಸುಳ್ಳು. ಪೂರ್ತಿ ಸುಳ್ಳಲ್ಲ, ಊದಿದ್ದು ನಿಜ. ಊದಿದ್ದರಿಂದ ಆದದ್ದು ಇಷ್ಟೇ: ದೂಳು ನನ್ನ ಕಣ್ಣಿಗೇ ಬಿತ್ತು.

ಹೋದ ಭಾನುವಾರ ತಮಿಳುನಾಡಿನ ಗಡಿಯೊಳಗಿನ ಬಾಗಲೂರಿನ ಹತ್ತಿರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅವಳು ತೆಂಗಿನ ನಾರಿನ ಪುಡಿಯ ಇಟ್ಟಿಗೆಯೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ಮೆಣಸಿನ ಸಸಿ ಹಾಕಲು. ಒದ್ದೆ ನಾರಿನ ವಾಸನೆ ನಿಮಗೆ ಗೊತ್ತಿರಬಹುದು: ಒಂದು ಪಾಲು ಮಣ್ಣು, ಒಂದು ಪಾಲು ಹಳೇ ಹಗ್ಗ. ನನಗೆ ಮಾತ್ರ ಅದು ಬಿಸಿ ಕಂಪ್ಯೂಟರಿನ ವಾಸನೆ. ಮುಂದಿನ ಜಗಲಿಯಲ್ಲಿ ಆ ತೋಟದ ಸೂಪರ್‌ವೈಸರ್ ಗೋಪಾಲಣ್ಣ ಟೀ ಲೋಟ ಹಿಡಿದು, ಚಿಕ್ಕಮ್ಮನ ಹೊಸ ಬೀಗರಿಗೆ ಅದೇ ಕಥೆಯನ್ನು ಶುರುಮಾಡಿದ್ದರು. ವಾಸನೆ ಹಿತ್ತಲಿಂದ, ಸುಳ್ಳು ಜಗಲಿಯಿಂದ. ನಡುಮನೆಯಲ್ಲಿ ನಿಂತ ನನಗೆ ಮೂರು ವರ್ಷದ ಹಿಂದಿನದೆಲ್ಲ ಒಮ್ಮೆಗೇ ನೆನಪಾಯಿತು.

ನನ್ನ ವಿಚಾರ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀವು ಮೋಸಹೋದೆವು ಅನ್ನಬಾರದು. ಮನೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು, ವೇದಿಕೆಯ ಮೇಲೆ ತಮಿಳು ಆಡಿಕೊಂಡು ಬೆಳೆದವನು ನಾನು. ಹೊಸೂರಿನ ಕಾಲೇಜಿನಲ್ಲಿ ಪಟ್ಟಿಮನ್ರಂ ಎನ್ನುವ ಚರ್ಚಾಕೂಟಗಳಲ್ಲಿ ಮಾತಾಡಿ ಕಪ್ಪುಗಳನ್ನು ಗೆದ್ದಿದ್ದೆ. ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಅದರ ಎದುರುಪಕ್ಷ. ಎರಡರಲ್ಲೂ ನನಗೆ ಪೂರ್ಣ ನಂಬಿಕೆ. "ಇವ್ನಿಗೆ ಅನ್ನ ಬಡಿಸ್ಬೇಕಾದ್ರೂ ಕಾರಣ ಕೊಡ್ಬೇಕು ಕಣಮ್ಮ" ಎಂದು ನನ್ನವ್ವ ನೆರೆಯವರ ಹತ್ತಿರ ಗೋಳಾಡುತ್ತಿದ್ದಳು. ದೇವರು, ಜಾತಕ, ರಾಹುಕಾಲ, ಬೆಕ್ಕು ಅಡ್ಡ ಬರುವುದು, ಎಲ್ಲಕ್ಕೂ ನನ್ನ ಹತ್ತಿರ ಐದೈದು ಪಾಯಿಂಟುಗಳಿದ್ದವು.

ಚಿಕ್ಕಮ್ಮ ಲಕ್ಷ್ಮಮ್ಮನ ಹತ್ತಿರ ಇದ್ದದ್ದು ಪಾಯಿಂಟುಗಳಲ್ಲ, ಕೈಗುಣ. ಕೆಲವರು ಕೊಟ್ಟ ಬೀಜ ಮೊಳೆಯುತ್ತದೆ, ಕೆಲವರು ನೆಟ್ಟ ಸಸಿ ಬಾಡುವುದಿಲ್ಲ ಅನ್ನುತ್ತಾರಲ್ಲ, ಅದು. ಗುಲಾಬಿ ತೋಟದಲ್ಲಿ ಕಾಡುಗುಲಾಬಿಯ ಕಾಂಡ ಸೀಳಿ, ಒಳ್ಳೆಯ ಜಾತಿಯ ಕಣ್ಣು, ಅಂದರೆ ಚಿಗುರುಮೊಗ್ಗು, ಕೂರಿಸಿ, ಪಟ್ಟಿ ಸುತ್ತಿ ಕಟ್ಟುವ ಕೆಲಸ ಉಂಟು. ಅವಳು ಕಟ್ಟಿದ ಕಣ್ಣು ಹತ್ತದೆ ಹೋದದ್ದು ಅಪರೂಪ. ಪ್ಲಾಸ್ಟಿಕ್ ಹೊದಿಕೆಯ ಹೊಸ ಪಾಲಿಹೌಸು ಎದ್ದಾಗ ಮೊದಲನೇ ಕಣ್ಣನ್ನು ಅವಳ ಕೈಯಿಂದಲೇ ಕಟ್ಟಿಸುತ್ತಿದ್ದರು. ಊರಿನಲ್ಲಿ ಯಾರು ಮೆಣಸಿನ ಪಾತಿ ಮಾಡಿದರೂ ಮೊದಲ ಸಸಿ ಅವಳ ಹಿತ್ತಲಿಂದ. ಮೂವತ್ತೆಂಟನೇ ವಯಸ್ಸಿನಲ್ಲಿ ಹಟ ಹಿಡಿದು ಕಂಪ್ಯೂಟರ್ ಕಲಿತಳು. ಹೂ ವಿಂಗಡಿಸುವ ಗ್ರೇಡಿಂಗ್ ಹಾಲಿನ ತಣ್ಣನೆ ನೆಲದಲ್ಲಿ ದಿನವಿಡೀ ನಿಂತು ಹೂವಿನ ಕಾಂಡ ಅಳೆಯುತ್ತಿದ್ದವಳು, ಆಫೀಸಿನ ಕುರ್ಚಿಯಲ್ಲಿ ಕೂತು ಪೆಟ್ಟಿಗೆಗಳ ಪಟ್ಟಿ ಹಾಕುವವಳಾದಳು.

ಆರು ತಿಂಗಳಿಗೆ ಕಂಪ್ಯೂಟರ್ ಕೈಕೊಡಲು ಶುರುವಾಯಿತು. ಪಟ್ಟಿ ಅರ್ಧ ಆಗಿರುತ್ತದೆ, ಪರದೆ ಫಕ್ಕನೆ ಕಪ್ಪು. ಗುಂಡಿ ಒತ್ತಿದರೆ ಏಳುವುದಿಲ್ಲ. ಹೂ ತಣ್ಣಗಿಡುವ ಕೋಲ್ಡ್ ರೂಮಿನಲ್ಲಿರುವ ಗೋಪಾಲಣ್ಣನನ್ನು ಕೂಗುತ್ತಾಳೆ. ಅವರು ಕೈಕೆಲಸ ಮುಗಿಸಿ, ಸ್ವೆಟರ್ ಕಳಚಿ, ಹತ್ತು ಹದಿನೈದು ನಿಮಿಷಕ್ಕೆ ಬಂದು ಒತ್ತುತ್ತಾರೆ. ಏಳುತ್ತದೆ!

"ನೋಡಮ್ಮ, ನನ್ ಕೈಗೆ ಬತ್ತದೆ" ಎಂದರು ಅವರು, ಮೊದಲ ದಿನ ನಗುತ್ತಾ. ಹತ್ತನೇ ದಿನ ನಗಲಿಲ್ಲ.

ಹೊಸೂರಿನ ಕಂಪ್ಯೂಟರ್ ಅಂಗಡಿಯವನು ಬಂದು ಹೊತ್ತುಕೊಂಡು ಹೋದ, ಮುಚ್ಚಳ ಬಿಚ್ಚಿಟ್ಟು, ಫ್ಯಾನಿನ ಕೆಳಗೆ ಓಡಿಸಿ ನೋಡಿದ, ಚೆನ್ನಾಗಿಯೇ ಓಡಿತು. ವೈರಸ್ ಎಂದು ಹೇಳಿ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ. ಎರಡು ಸಲ. ಯುಪಿಎಸ್ ಬದಲಾಯಿತು. ಮೇಜು ಪೂರ್ವಕ್ಕೆ ತಿರುಗಿತು. ನಿಂಬೆಹಣ್ಣು ಕೊಯ್ದದ್ದೂ ಆಯಿತು. ಕಂಪ್ಯೂಟರ್ ಮಾತ್ರ ಲಕ್ಷ್ಮಮ್ಮ ಕೂತಾಗ ಆರುವುದು, ಗೋಪಾಲಣ್ಣ ಮುಟ್ಟಿದರೆ ಏಳುವುದು. ಮಾತು ಗ್ರೇಡಿಂಗ್ ಹಾಲಿಗೆ ಹೋಯಿತು, ಅಲ್ಲಿಂದ ಕೆಲಸದವರ ವ್ಯಾನ್ ಹತ್ತಿ ಊರಿಗೆ ಬಂತು. ಕೈಗುಣ ತಿರುಗಿಬಿಟ್ಟಿತು ಅಂದರು. ಆ ವರ್ಷ ಎದುರುಮನೆಯವರು ಸಸಿ ಕೇಳಲು ಬರಲಿಲ್ಲ. ನಾನು ರಜೆಗೆ ಬಂದ ವಾರ ಹೊಸ ಪಾಲಿಹೌಸಿನ ಮೊದಲ ಕಣ್ಣಿಗೆ ಬೇರೆಯವಳನ್ನು ಕರೆಯುವುದೆಂದು ತೀರ್ಮಾನವಾಗಿತ್ತು. ಸೋಮವಾರದಿಂದ ಚಿಕ್ಕಮ್ಮ ಮತ್ತೆ ಗ್ರೇಡಿಂಗ್ ಹಾಲಿಗೆ.

"ಕುರ್ಚಿ ಹೋದ್ರೆ ಹೋಗ್ಲಿ ಕಣ್ಲಾ" ಎಂದಳು ನನ್ನೆದುರು ಕೂತು, ಅಂಗೈ ಮುಚ್ಚಿ ತೆರೆಯುತ್ತಾ. "ಕೈ ಕೆಟ್ಟೋಯ್ತು ಅಂತಾರಲ್ಲ, ಅದುಕ್ ಏನ್ ಮಾಡ್ಲಿ?"

ನನಗೆ ಹಬ್ಬವೇ ಬಂದಂತಾಯಿತು. ಇಂಥ ಎದುರಾಳಿ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ತೋಟದ ಓನರ ಹತ್ತಿರ ಮೂರು ದಿನಕ್ಕೆ ಅನುಮತಿ ಕೇಳಿ ಹೋದೆ. ಗೋಪಾಲಣ್ಣನಿಗೆ ಮೊದಲೇ ಹೇಳಿದೆ: ಎಲ್ಲರ ಕೈಯಲ್ಲೂ ಆರುತ್ತಿರುತ್ತದೆ, ಇವಳ ಕೈಯಲ್ಲಿ ಆರಿದ್ದನ್ನು ಮಾತ್ರ ನೀವು ನೆನಪಿಟ್ಟಿದ್ದೀರಿ, ಮನುಷ್ಯರ ಮನಸ್ಸೇ ಹಾಗೆ. ಅವರು ಗೋಡೆಯ ಕ್ಯಾಲೆಂಡರಿನತ್ತ ಬೆರಳು ಮಾಡಿದರು. ಆರಿದ ದಿನಗಳಿಗೆಲ್ಲ ಸುತ್ತು ಹಾಕಿ, ಯಾರು ಕೂತಿದ್ದರೆಂದು ಪಕ್ಕದಲ್ಲಿ ತಮಿಳಿನಲ್ಲಿ ಬರೆದಿದ್ದರು. ಎರಡು ತಿಂಗಳ ಹಾಳೆಗಳು. ಎಲ್ಲ ಸುತ್ತಿಗೂ ಒಂದೇ ಹೆಸರು, ಲಕ್ಷ್ಮಮ್ಮ.

ವಾದ ಅಲ್ಲೇ ಅಂಗಾತ ಬಿತ್ತು. ಸಾಕ್ಷಿ ಕೊಡಿ ಎಂದು ಕೇಳುವುದನ್ನು ಕಲಿತವನಿಗೆ ಎದುರಿನವರು ನಿಜವಾಗಿಯೂ ಸಾಕ್ಷಿ ಕೊಟ್ಟರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ನಾನೇ ಕೂತು ನೋಡಿದೆ, ಇಪ್ಪತ್ತು ನಿಮಿಷ, ಏನೂ ಆಗಲಿಲ್ಲ. ಅವಳು ಕೂತಳು, ಮುಕ್ಕಾಲು ಗಂಟೆಗೆ ಕಪ್ಪು. ಬಳೆ ತೆಗೆಸಿದೆ. ಕಪ್ಪು. ಚಪ್ಪಲಿ ಹಾಕಿಸಿದೆ. ಕಪ್ಪು. ಪ್ರಿಂಟರ್ ಕಿತ್ತೆ, ವೈರ್ ಬದಲಿಸಿದೆ, ಒಂದೊಂದನ್ನೇ ಬದಲಿಸಿ ನೋಡಬೇಕೆಂಬ ಶಾಸ್ತ್ರದಂತೆ ಕೊನೆಗೆ ಕುರ್ಚಿಯನ್ನೂ ಬದಲಿಸಿದೆ. ಎರಡನೇ ದಿನ ಸಂಜೆ ವ್ಯಾನಿನಲ್ಲಿ ಬರುವಾಗ ನನ್ನೊಳಗೇ ಒಂದು ಸಣ್ಣ ದನಿ, ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ, 'ಕೈಗುಣ ಇದ್ದರೂ ಇರಬಹುದೇನೋ' ಅಂದಿತು.

ಮೂರನೇ ದಿನ ಮಧ್ಯಾಹ್ನ ಮತ್ತೆ ಆರಿತು. ನಾನು ಕೈಕಟ್ಟಿ ಕಿಟಕಿಯ ಹತ್ತಿರ ನಿಂತಿದ್ದೆ. ಚಿಕ್ಕಮ್ಮನಿಗೆ ಒಂದು ಅಭ್ಯಾಸ. ಕೆಲಸ ಶುರುಮಾಡುವಾಗ ಡಬ್ಬಿಯ ಬಲಗಡೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಏಳುವಾಗಲೂ ಒತ್ತಿಕೊಳ್ಳುತ್ತಾಳೆ. ಆ ದಿನವೂ ಮುಟ್ಟಿದಳು. ಮುಟ್ಟಿ, "ಪಾಪ, ಜ್ವರ ಬಂದಂಗೆ ಸುಡ್ತದೆ" ಅಂದಳು.

"ಏನಂದೆ?"

"ಸುಡ್ತದೆ ಅಂದೆ. ದಿನಾ ಸುಡ್ತದೆ."

"ದಿನಾನಾ? ಶುರುಮಾಡುವಾಗಲೂ?"

"ಆಗ ತಣ್ಣಗಿರ್ತದೆ. ಏಳೋವಾಗ ಕೈ ಇಡಕ್ ಆಗಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಚಿಕ್ಕಮ್ಮ?"

"ನೀನು ಕೇಳಿದ್ದೆಲ್ಲಿ? ಬಳೆ ತೆಗಿ ಅಂದೆ, ತೆಗ್ದೆ. ಚಪ್ಲಿ ಹಾಕು ಅಂದೆ, ಹಾಕ್ದೆ. ಕೆಲ್ಸ ಮಾಡಿದ್ರೆ ಮೈ ಬಿಸಿ ಆಗಲ್ವೇನ್ಲಾ? ಅದುಕ್ಕೂ ಹಂಗೇ ಅಂದ್ಕಂಡೆ."

ಮೂರು ದಿನದಲ್ಲಿ ನಾನು ಆ ಡಬ್ಬಿಯನ್ನು ಒಮ್ಮೆಯೂ ಕೈಯಿಂದ ಮುಟ್ಟಿ ನೋಡಿರಲಿಲ್ಲ. ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರನ್ನು ಕಂಡರೆ ನಗುವ ಪೈಕಿ ನಾನು. ಈಗ ಮುಟ್ಟಿದೆ. ರೊಟ್ಟಿ ಹಾಕಬಹುದಿತ್ತು.

ಆಮೇಲೆ ಎಲ್ಲವೂ ಸರಸರನೆ ಬಿಚ್ಚಿಕೊಂಡಿತು. ತೀರಾ ಬಿಸಿಯಾದರೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆರಿದ ಮೇಲೆ ತಣಿಯುವವರೆಗೆ ಏಳುವುದಿಲ್ಲ. ಗೋಪಾಲಣ್ಣ ಕೋಲ್ಡ್ ರೂಮಿನಿಂದ ಬರುವಷ್ಟರಲ್ಲಿ ತಣಿದಿರುತ್ತದೆ, ಅವರ ಬೆರಳಿಗೆ ಏಳುತ್ತದೆ. ಆ ಆಫೀಸಿನಲ್ಲಿ ಕೂತವರು ಕಂಪ್ಯೂಟರ್ ಆರಿಸಿಯೇ ಏಳಬೇಕೆಂಬುದು ಓನರ ಕಟ್ಟಳೆ. ಉಳಿದವರು ಬೆಳಿಗ್ಗೆ ಬಂದು ಹತ್ತು ನಿಮಿಷ ನೋಡಿ ಆರಿಸಿ ಎದ್ದುಹೋಗುವವರು. ಸುಡುಮಧ್ಯಾಹ್ನ ಒಂದೇ ಸಮನೆ ಎರಡು ಗಂಟೆ ಕೂರುವವಳು ಅವಳೊಬ್ಬಳೇ. ಕ್ಯಾಲೆಂಡರಿನ ಸುತ್ತುಗಳೆಲ್ಲ ನಿಜ. ಅವು ಹೇಳುತ್ತಿದ್ದದ್ದು ಒಂದೇ ಸಂಗತಿ: ಇಲ್ಲಿ ಯಾರು ಕೆಲಸ ಮಾಡುತ್ತಾರೆ ಎಂದು.

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಚಿಕ್ಕಮ್ಮ ಕೈ ಹಿಡಿದಳು.

"ತಡಿ. ಈಗ್ಲೇ ಸರಿ ಮಾಡ್ಬುಟ್ರೆ ಏನಂತಾರೆ ಗೊತ್ತಾ? ಇವ್ಳು ಕುರ್ಚಿ ಬಿಟ್ ಎದ್ದೇಳ್ತಾಳೆ ಅಂತ ಅದುಕ್ ಗೊತ್ತಾಗಿ ಸರಿಹೋಯ್ತು ಅಂತಾರೆ."

ಹೊಸೂರು, ಕೃಷ್ಣಗಿರಿ, ಎಷ್ಟೋ ವೇದಿಕೆ ಹತ್ತಿದ್ದೇನೆ. ಇಂಥ ಮಾತು ನನಗೆ ಹೊಳೆದಿರಲಿಲ್ಲ. ಯಂತ್ರ ಸರಿಮಾಡುವುದಕ್ಕಿಂತ ಮುಂಚೆ ಎದುರಾಳಿಯ ಕೈಯಲ್ಲಿ ಅದು ಕೆಡಬೇಕು. ಅವಳು ಸೆರಗು ಸಿಕ್ಕಿಸಿಕೊಂಡು ಕೋಲ್ಡ್ ರೂಮಿನ ಬಾಗಿಲಿಗೇ ಹೋದಳು.

"ಗೋಪಾಲಣ್ಣ, ಇವತ್ತಿನ್ ಲಿಸ್ಟ್ ನೀವೇ ಹಾಕ್ಬುಡಿ. ನನ್ ಕೈಗೆ ಆಯ್ತಾ ಇಲ್ಲ. ನಾನು ಓದಿ ಹೇಳ್ತೀನಿ."

"ಅದ್ಕೇನಮ್ಮ, ಬತ್ತೀನಿ" ಎಂದರು ಅವರು. ಪಾಪ, ಒಳ್ಳೆಯ ಮನುಷ್ಯ. ನಿಜವಾಗಿಯೂ ಸಹಾಯಕ್ಕೆಂದೇ ಬಂದರು.

ತಣಿದಿದ್ದ ಯಂತ್ರವನ್ನು ಗುಂಡಿ ಒತ್ತಿ ಎಬ್ಬಿಸಿ, ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಓದುತ್ತಾಳೆ: ಕೆಂಪು, ಅರವತ್ತು ಸೆಂಟಿಮೀಟರ್, ಇಪ್ಪತ್ತು ಕಟ್ಟು, ಹಳದಿ, ಐವತ್ತು, ಹನ್ನೆರಡು. ಟೀ ಹೊತ್ತಿಗೆ ಗ್ರೇಡಿಂಗ್ ಹಾಲಿನ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು. ಸೂಪರ್‌ವೈಸರ್ ಕೂತು ಕೆಲಸ ಮಾಡುವುದೇ ಒಂದು ನೋಟ. ಅರ್ಧ ಗಂಟೆಗೆ ಅವರು ಕುತ್ತಿಗೆ ಒತ್ತಿಕೊಂಡರು. "ಎದ್ ಹೋಗಿ ಬರ್ಲಾ?" ಅಂದರು. "ಇನ್ನೊಂದ್ ಪುಟ ಅಣ್ಣ" ಎಂದಳು ಚಿಕ್ಕಮ್ಮ, ಎಷ್ಟು ಮೆತ್ತಗೆ ಎಂದರೆ ನನಗೇ ಭಯವಾಯಿತು. ನಾನು ಗಡಿಯಾರ ನೋಡುವುದು, ಡಬ್ಬಿ ನೋಡುವುದು. ಅದು ಆರದಿದ್ದರೆ? ಇದೇ ಒಂದು ದಿನ ಆರದಿದ್ದರೆ ಚಿಕ್ಕಮ್ಮನ ಕೈಗೆ ಕೆಟ್ಟ ಹೆಸರು ಅಂಟಿಕೊಂಡಂತೆಯೇ, ಇನ್ನು ಯಾವ ವಾದವೂ ಅದನ್ನು ತೊಳೆಯಲಾರದು.

ಹಳದಿ, ನಲವತ್ತು, ಎಂಟು. ಪರದೆ ಫಕ್ಕನೆ

ಕಪ್ಪು.

ಗೋಪಾಲಣ್ಣ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಏಳಲಿಲ್ಲ. ಆಗ ಬಾಗಿಲಿನಿಂದ ಪಾಪಮ್ಮ ಎಂಬ ಹಿರಿಯಳ ದನಿ: "ಅಯ್ಯಯ್ಯೋ, ಅಣ್ಣನ ಕೈಗೂ ಅಂಟ್ಕಂಬುಡ್ತಲ್ರೇ!"

ಆ ನಗು! ಹಾಲಿನ ಹೆಂಗಸರು ಬಾಗಿಲ ಚೌಕಟ್ಟಿಗೆ ಒರಗಿ, ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು, ತಮಿಳು ತೆಲುಗು ಕನ್ನಡ ಮೂರರಲ್ಲೂ ನಕ್ಕರು. ನಾನು ಗೆದ್ದ ಯಾವ ಕಪ್ಪಿಗೂ ಅಂಥ ಚಪ್ಪಾಳೆ ಬಿದ್ದಿಲ್ಲ. ಚಿಕ್ಕಮ್ಮ ಒಬ್ಬಳು ನಗಲಿಲ್ಲ. ಗಡಿಯಾರ ನೋಡಿ, "ನಲವತ್ಮೂರು ನಿಮ್ಸ. ನಂಗೂ ಅಷ್ಟೊತ್ಗೇ ಹೋಗೋದು" ಎಂದು ಹೇಳಿ, ಕ್ಯಾಲೆಂಡರಿನ ಹತ್ತಿರ ಹೋಗಿ, ಆ ದಿನಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದಳು: ಗೋಪಾಲಣ್ಣ.

ಡಬ್ಬಿಯನ್ನು ಆಮೇಲೆ ಬಿಚ್ಚಿದೆವು. ಪ್ರೊಸೆಸರಿನ ಮೇಲೆ ಶಾಖ ಹೊರಹಾಕುವ ಅಲ್ಯೂಮಿನಿಯಂ ಹಲ್ಲುಗಳಿರುತ್ತವೆ; ಅವುಗಳ ನಡುವೆ ಗಾಳಿ ಆಡಬೇಕು. ಮೇಲಿನ ಸಣ್ಣ ಫ್ಯಾನು ಕಳಚಿದರೆ ಅಲ್ಲಿ ಕಂಬಳಿ ಹಾಸಿದಂತೆ ಕಂದು ಪದರ. ತೆಂಗಿನ ನಾರಿನ ಪುಡಿ! ಗುಲಾಬಿ ಗಿಡ ಬೆಳೆಯುವುದೇ ಆ ಪುಡಿಯಲ್ಲಿ. ಚೀಲ ಬಿಚ್ಚುವ ಜಾಗ ಆಫೀಸಿನ ಕಿಟಕಿಯ ಕೆಳಗೇ. ನಾನು ಊದಿದೆ, ಕಣ್ಣಿಗೆ ಬಿತ್ತು. ಚಿಕ್ಕಮ್ಮ ನನ್ನನ್ನು ಆಚೆ ತಳ್ಳಿ, ಗುಲಾಬಿಗೆ ಕಣ್ಣು ಕೂರಿಸುವ ಚಾಕುವಿನ ತುದಿಯಿಂದ ಒಂದೊಂದು ಸಂದಿಯ ಪದರವನ್ನೂ ಹರಿಯದಂತೆ ಎಬ್ಬಿಸಿದಳು. ಹಲ್ಲುಗಳ ಕೆಳಗೆ ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು; ಮರುದಿನ ಹೊಸೂರಿನಿಂದ ತಂದು ಹಚ್ಚಿದ್ದು ನಾನು. ನನ್ನ ಪಾಲು ಅಷ್ಟೇ. ಚೀಲ ಬಿಚ್ಚುವ ಜಾಗ ಹಿಂದಕ್ಕೆ ಹೋಯಿತು, ಕಂಪ್ಯೂಟರ್ ಮತ್ತೆ ಆರಲಿಲ್ಲ. ಹೊಸ ಪಾಲಿಹೌಸಿನ ಮೊದಲ ಕಣ್ಣನ್ನು ಚಿಕ್ಕಮ್ಮನೇ ಕಟ್ಟಿದಳು. ಕರೆಯಲು ಬಂದವರು ಗೋಪಾಲಣ್ಣನೇ.

ಆ ದಿನ ನನ್ನ ಮೊಪೆಡ್ಡಿನ ಹಿಂದೆ ಕೂತು ಮನೆಗೆ ಬರುವಾಗ ಅವಳು ಕೇಳಿದಳು: "ಹಂಗಾರೆ ಕೈಗುಣ ಅನ್ನೋದೇ ಇಲ್ಲ ಅಂತೀಯೇನ್ಲಾ?"

"ಇಲ್ಲ" ಎಂದೆ, ಗೆದ್ದ ಗತ್ತಿನಲ್ಲಿ.

"ನಾನ್ ಕಟ್ಟಿದ್ ಕಣ್ಣು ಹತ್ತೋದು?"

ಇದನ್ನು ನಾನು ಯೋಚಿಸಿರಲಿಲ್ಲ. ಕೆಟ್ಟ ಹೆಸರು ತೊಳೆಯುವ ಭರದಲ್ಲಿ ಒಳ್ಳೆಯ ಹೆಸರನ್ನೂ ತೊಳೆದುಬಿಟ್ಟಿದ್ದೆ. "ಚಾಕು ಎಷ್ಟು ಸಲ ಮಸೀತೀಯ?" ಎಂದು ಕೇಳಿದೆ.

"ಹತ್ತ್ ಗಿಡಕ್ಕೊಂದ್ ಸಲ."

"ಬೇರೆಯವರು?"

"ಊಟಕ್ ಎದ್ದಾಗ."

"ನೋಡು. ಅದು ಕೈಗುಣ ಅಲ್ಲ, ಕೆಲಸ."

"ಅದೇ ಕಣ್ಲಾ ಕೈಗುಣ ಅಂದ್ರೆ" ಎಂದು ಬೆನ್ನಿಗೊಂದು ಗುದ್ದಿದಳು. "ನೀನೇನ್ ಅಂದ್ಕಂಡಿದ್ದೆ?"

ಆ ಗುದ್ದಿನಿಂದ ಒಂದು ಲಾಭ ಆಗಿದೆ: ಈಗ ಮೊದಲು ಮುಟ್ಟಿ ನೋಡುತ್ತೇನೆ, ಆಮೇಲೆ ಮಾತಾಡುತ್ತೇನೆ.

ಭಾನುವಾರ ಜಗಲಿಗೆ ಬಂದಾಗ ಗೋಪಾಲಣ್ಣ ಕಥೆಯ ಕೊನೆಗೆ ತಲುಪಿದ್ದರು. "...ಉಫ್ ಅಂತ ಊದ್ದ ನೋಡಿ, ಸರಿಹೋಯ್ತು!" ಬೀಗರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಐದು ಪಾಯಿಂಟುಗಳು ನಾಲಿಗೆಯ ತುದಿಗೆ ಬಂದವು. ನಲವತ್ತಮೂರು ನಿಮಿಷ ಕೂತವರು ಅವರು, ಆ ಕುರ್ಚಿಯ ಮಾತನ್ನೇ ಬಿಟ್ಟು ಕಥೆ ಹೇಳುತ್ತಿದ್ದಾರೆ. ನಾನು ವಾದಕ್ಕೆ ಇಳಿಯಲಿಲ್ಲ. ಪಕ್ಕದಲ್ಲಿ ಕೂತು, ಬೀಗರಿಗೆ ಕೇಳದಂತೆ, ಮೂರು ವರ್ಷದಿಂದ ಯಾರಿಗೂ ಹೇಳದೆ ನಾನೊಬ್ಬನೇ ಇಟ್ಟುಕೊಂಡಿದ್ದ ಒಂದನ್ನು ಕೇಳಿದೆ. ಅವರು ಖಾಲಿ ಲೋಟವನ್ನು ಬಾಯಿಗೆ ಎತ್ತಿದರು, ಇಳಿಸಿದರು, ಅಂಗಳದತ್ತ ನೋಡಿದರು. ಉತ್ತರ ನಿಮಗೇನಾದರೂ ಹೊಳೆಯುತ್ತದೋ ನೋಡಿ. ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಆವತ್ತು ಸ್ಕ್ರೀನ್ ಕಪ್ಪಾದಾಗ, ಪಾಪಮ್ಮ ಬಾಯಿ ಬಿಡೋಕ್ ಮುಂಚೆ, ನೀವು ಎರಡೂ ಕೈ ತಿರುಗಿಸಿ ಅಂಗೈ ನೋಡ್ಕಂಡ್ರಲ್ಲ, ಆಗ ನಿಮ್ಗೆ ಏನ್ ಅನ್ನಿಸ್ತು?"