ದೇವರ ಜೀರೋ ಬಲ್ಬು

ಸ್ವಿಚ್ಚು ಒತ್ತುವ ಮೊದಲು ನಮ್ಮ ಕಾಕಾ ಕಾಲಿಗೆ ಹಾವಿಗೆ ಮೆಟ್ಟುತ್ತಿದ್ದರು. ಕಮಲಾಪುರದ ಆ ಮನೆಯಲ್ಲಿ ಸಂಜೆಯಾಯಿತೆಂದು ನಮಗೆ ತಿಳಿಯುತ್ತಿದ್ದುದು ಸೂರ್ಯನಿಂದಲ್ಲ. ಪಡಸಾಲೆಯ ಫರಸಿಯ ಮೇಲೆ ಕಟ್ಟಿಗೆಯ ಹಾವಿಗೆಗಳು ಟಕ್ ಟಕ್ಕೆಂದು ಬೋರ್ಡಿನತ್ತ ನಡೆಯುವ ಸದ್ದಿನಿಂದ. ಬೋರ್ಡಿನೆದುರು ನಿಂತು, ಧೋತರದ ಚುಂಗಿನಿಂದ ಬೆರಳು ಒರೆಸಿಕೊಂಡು, ಅಭಿಷೇಕಕ್ಕೆ ಕೈ ಚಾಚಿದಷ್ಟೇ ಗಂಭೀರವಾಗಿ ಗುಂಡಿ ಒತ್ತುವರು. ಬಲ್ಬು ಹತ್ತಿದರೆ ಕೈ ಮುಗಿಯುವರು. ಹತ್ತದಿದ್ದರೆ ನಾವು ಮಕ್ಕಳೆಲ್ಲ ಅಂಗಳಕ್ಕೆ ಹೋಗಿ ನಿಲ್ಲುವುದು ಕ್ಷೇಮಕರವಾಗಿತ್ತು.

ಅವರು ನಮ್ಮಪ್ಪನ ತಮ್ಮ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಒಣ ಕಟ್ಟಿಗೆಯೊಳಗೆ ಕರೆಂಟು ಹರಿಯುವುದಿಲ್ಲ ಎಂಬುದು ಪಾಠ. ಹಾವಿಗೆ ಮೆಟ್ಟಿದರೆ ಮಡಿ ಕೆಡುವುದಿಲ್ಲ ಎಂಬುದು ಪದ್ಧತಿ. ಒಂದೇ ಜೋಡಿಯಲ್ಲಿ ಎರಡೂ ಸಾಧಿಸುವಾಗ ವಿಜ್ಞಾನಕ್ಕೂ ಆಚಾರಕ್ಕೂ ಜಗಳ ಹಚ್ಚುವವರು ಕೆಲಸವಿಲ್ಲದವರು ಎಂದು ಅವರ ಮತ.

ಮನೆಯ ವೈರಿಂಗನ್ನು ಅವರೇ ಹರೆಯದಲ್ಲಿ ಮಾಡಿದ್ದರು. ಗೋಡೆಯುದ್ದಕ್ಕೂ ಸಾಗವಾನಿ ಪಟ್ಟಿ, ಪಟ್ಟಿಯ ಮೇಲೆ ತಂತಿ, ತಂತಿಯ ಮೇಲೆ ಸಾಲಾಗಿ ತಗಡಿನ ಕ್ಲಿಪ್ಪು. ಬಂದ ನೆಂಟರಿಗೆ ಮೊದಲು ನೀರು, ಆಮೇಲೆ ವೈರಿಂಗಿನ ದರ್ಶನ. “ಗ್ವಾಡಿ ಬೀಳಬಹುದು, ನನ್ನ ಪಟ್ಟಿ ಬೀಳೂದಿಲ್ಲ” ಅನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ಹಿತ್ತಲ ಗೋಡೆ ನಿಜಕ್ಕೂ ಬಿತ್ತು. ಪಟ್ಟಿ ಮಾತ್ರ ತ್ರಿಶಂಕುವಿನಂತೆ ಗಾಳಿಯಲ್ಲಿ ನಿಂತಿತ್ತು. ಓಣಿಯವರನ್ನೆಲ್ಲ ಕರೆದು ತೋರಿಸಿದರು.

ಈ ರಚನೆಯ ಕಲಶವೆಂದರೆ ದೇವರ ಕೋಣೆಯ ಕೆಂಪು ಜೀರೋ ಬಲ್ಬು. ಅಜ್ಜಿಯ ನಂದಾದೀಪದ ಜಾಗಕ್ಕೆ ಬಂದದ್ದು. ನಂದಾದೀಪವನ್ನು ಆರಿಸಬಾರದೆಂದ ಮೇಲೆ ಅದನ್ನು ಆರಿಸುವ ಸ್ವಿಚ್ಚೇ ಇರಬಾರದು ಎಂದು ಕಾಕಾ ನಿಷ್ಕರ್ಷೆ ಮಾಡಿದರು. ಮೀಟರು ದಾಟಿದ ಮೇಲೆ (ದೇವರ ಹೆಸರಿನಲ್ಲಿ ಕಳ್ಳತನ ಸಲ್ಲದು), ಮೇನ್ ಸ್ವಿಚ್ಚಿಗಿಂತ ಮೊದಲೇ ಒಂದು ಎಳೆ ಕವಲು ತೆಗೆದು, ಪಟ್ಟಿಯ ಹಿಂದಿನಿಂದ ಯಾರಿಗೂ ಕಾಣದಂತೆ ಒಯ್ದರು. ಮೇನ್ ಇಳಿಸಿದರೆ ಮನೆಯೆಲ್ಲ ಕತ್ತಲೆ, ದೇವರಿಗೆ ಮಾತ್ರ ಬೆಳಕು. ಊರಿಗೆ ಊರೇ ಕರೆಂಟು ಹೋದರೆ ಅದು ಸರ್ಕಾರದ ಪಾಪ, ನಮ್ಮದಲ್ಲ. ನಾವು ಇದನ್ನು ಭಕ್ತಿಯೆಂದೇ ತಿಳಿದು ಬೆಳೆದೆವು.

ಆಮೇಲೆ ಕಾಕಾನ ಹೆಂಡತಿ, ನಮ್ಮ ಕಾಕೂನ ಶ್ವಾಸಕೋಶ ಕೆಟ್ಟಿತು. ಕಲಬುರಗಿಯ ಆಸ್ಪತ್ರೆಯ ಡಾಕ್ಟರು, ಇನ್ನು ಇಲ್ಲಿ ಮಾಡುವುದೇನಿಲ್ಲ, ಆಕ್ಸಿಜನ್ ಮಷೀನು ಹಗಲಿರುಳು ನಡೆಯುವಂತಿದ್ದರೆ ಮನೆಗೆ ಒಯ್ಯಿರಿ ಎಂದರು. ಕಾಕೂ ಮುಖದ ಮಾಸ್ಕು ಸರಿಸಿ ಅಂದಳು: “ನನ್ನ ಮನಿಗೆ ಒಯ್ರಿ. ಈ ಖಾಟ್ ಮ್ಯಾಲ ಸಾಯಾಕ ನನಗ ಮನಸಿಲ್ಲ.”

ಕಾಕಾ ಮಷೀನನ್ನು ಮೊದಲೇ ಮನೆಗೆ ಒಯ್ದು ಹಚ್ಚಿ ನೋಡಿದರು. ಬಲ್ಬುಗಳು ಮಂಕಾದವು. ಪಟ್ಟಿಯ ಮೇಲಿನ ತಂತಿ ಬಿಸಿಯಾಗಿ ರಬ್ಬರು ಸುಟ್ಟ ವಾಸನೆ ಬಂತು. ಮರುದಿನ ಕಲಬುರಗಿಯ ನನ್ನ ಮನೆಗೆ ಬಂದು, ಕೊಟ್ಟ ಚಹಾ ಆರುವತನಕ ಕೂತು, “ಪೂರಾ ತಗಸಬೇಕಲೋ” ಅಂದರು. “ನಾ ಹಾಕಿದ್ದು ಅಕಿಗೆ ಉಸರು ಕೊಡೂದಿಲ್ಲ.”

ನಂದೂರಿನ ಬ್ಯಾಳಿ ಮಿಲ್ಲಿನಲ್ಲಿ ಕೆಲಸ ಮಾಡುವ, ಮಹಾಗಾಂವದ ಒಬ್ಬ ಎಲೆಕ್ಟ್ರಿಷಿಯನ್ ರಜೆಯ ದಿನ ಬರಲು ಒಪ್ಪಿದ. ಕಾಕಾ ಅವನಿಗೆ ಮನೆ ತೆರೆದುಕೊಟ್ಟು, ಮೇನ್ ಇಳಿಸಿ ತೋರಿಸಿ, ತಮ್ಮ ಪಟ್ಟಿಗಳು ಕಿತ್ತುಬೀಳುವುದನ್ನು ನೋಡಲಾರದೆ ವೈರು ಕೊಳ್ಳುವ ನೆವದಲ್ಲಿ ನನ್ನ ಜೊತೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಬಂದರು.

ಅಂಗಡಿಯಲ್ಲಿ ವೈರಿನ ಸುರುಳಿ ಕಟ್ಟಿಸುವಾಗ ಕರೆಂಟು ಹೋಯಿತು. ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಫೋಟೋದ ಕೆಂಪು ಬಲ್ಬೂ ಆರಿತು. ಕಾಕಾ ಅದನ್ನೇ ನೋಡಿದರು.

“ಅವಂಗ ದೇವರ ಬಲ್ಬಿಂದು ಹೇಳಿಲ್ಲ ನಾ.”

ಫೋನು ಹಚ್ಚಿದೆವು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆವು. ನನ್ನ ಬೈಕಿನ ಹಿಂದೆ ಕಾಕಾ ವೈರಿನ ಸುರುಳಿಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಕೂತರು. ಬೇರೆ ದಿನವಾಗಿದ್ದರೆ ನಾನೇ ನಗುತ್ತಿದ್ದೆ. ದಾರಿಯುದ್ದಕ್ಕೂ ದೇವರ ಹೆಸರು ಅವರ ಬಾಯಿಂದ ಬರಲಿಲ್ಲ. ಮಹಾಗಾಂವದ ಹತ್ತಿರ ಮಾತ್ರ, “ಇದ ಅಲ್ಲ ಅವನೂರು? ಅವಂಗ ಮಕ್ಕಳವ ಏನು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಮುಖವನ್ನು ನನ್ನ ಬೆನ್ನಿಗೆ ಒತ್ತಿಕೊಂಡರು.

ಎಲೆಕ್ಟ್ರಿಷಿಯನ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಬಲಗೈಯನ್ನು ಎಡಗೈಯಿಂದ ಹಿಡಿದಿದ್ದ. ನೆರೆಯವರು ಅಂಗೈ ತಿಕ್ಕುತ್ತಿದ್ದರು. ಕರೆಂಟು ಏಣಿಯಿಂದ ಎತ್ತಿ ಒಗೆದಿತ್ತು. ಕೆಳಗೆ ಒಟ್ಟಿದ್ದ ಕೌದಿಗಳ ಮೇಲೆ ಬಿದ್ದು ಬದುಕಿದ್ದ.

ಕಾಕಾ ಚೀಲಕ್ಕೆ ಕೈಹಾಕಿ, ಕಾಕೂಗೆಂದು ಇಟ್ಟುಕೊಂಡಿದ್ದ ಕೆಂಪು ಬಾಳೆಹಣ್ಣೊಂದನ್ನು ಸುಲಿದು ಅವನ ಬಾಯಿಗೆ ಹಿಡಿದರು.

“ದೇವರಿಗೆ ಬೆಳಕು ಕೊಡಾಕ ಹೋಗಿ ನನ್ನ ದೇವರ ಕಡಿ ಕಳಸತಿದ್ರಿ ಮಾಸ್ತರ್ರ,” ಅಂದ ಅವನು. “ನಾ ಈ ಮನಿ ಇನ್ನ ಮುಟ್ಟಂಗಿಲ್ರಿ.”

“ನಿನ್ನ ಸಿಟ್ಟು ಬರೋಬರಿ ಅದ. ಬೇಕಾದಷ್ಟು ಬೈಯಿ,” ಅಂದರು ಕಾಕಾ. “ಖರೆ ನೀ ಎದ್ದು ಹೋದಿ ಅಂದ್ರ ಅಕಿ ಮನಿಗೆ ಬರೂದಿಲ್ಲಪಾ.”

ಊರಿನ ಅರ್ಧ ಮಂದಿಯ ಕಿವಿ ಹಿಂಡಿದ್ದ ಮನುಷ್ಯ ಹಾಗೆ ಯಾರೆದುರೂ ನಿಂತದ್ದನ್ನು ನಾನು ಕಂಡಿರಲಿಲ್ಲ. ಅವನು ಬಾಳೆಹಣ್ಣನ್ನು ನಿಧಾನವಾಗಿ ಮುಗಿಸಿದ. ಸಿಪ್ಪೆಯನ್ನು ಕಾಕಾನ ಕೈಗೇ ಕೊಟ್ಟ.

“ಮೊದಲ ಆ ಬಲ್ಬ ಬಂದ್ ಆಗಬೇಕ್ರಿ. ಕಂಬದ ಮ್ಯಾಲಿಂದ.”

ಲೈನ್‌ಮನ್ನನ್ನು ಕರೆತರಲು ಕಾಕಾ ತಾವೇ ಹೋದರು. ಬಂದು, ಅಜ್ಜಿಯ ಹಿತ್ತಾಳೆಯ ದೀಪ ಹುಡುಕಿ, ಎಣ್ಣೆ ಹಾಕಿ ಹಚ್ಚಿ, ಕೈಮುಗಿದು ನಿಂತರು. ಲೈನ್‌ಮನ್ ಕಂಬದ ಮೇಲೆ ತಂತಿ ಬಿಚ್ಚಿದ. ಅವರ ಹರೆಯದಿಂದ ಉರಿದ ಕೆಂಪು ಚುಕ್ಕೆ ಸುಮ್ಮನೆ ಇಲ್ಲವಾಯಿತು. ಆಮೇಲೆ ಕೆಲಸ ಮುಗಿಯುವತನಕ ಕಾಕಾ ಕೆಳಗೆ ಏಣಿ ಹಿಡಿದು ನಿಂತರು. ಅಲ್ಲಿಂದ ಕದಲಲಿಲ್ಲ, ನೀರಿಗೂ.

ಕಾಕೂ ಮನೆಗೆ ಬಂದಳು. ಹೊಸ ಬೋರ್ಡಿಗೆ ಹಾವಿಗೆ ಬೇಕಿಲ್ಲವೆಂದು ಎಲೆಕ್ಟ್ರಿಷಿಯನ್ ಎಷ್ಟು ಹೇಳಿದರೂ ಕಾಕಾ ಬಿಡಲಿಲ್ಲ. ಮಷೀನನ್ನು ನೋಡಲು ಹೊತ್ತುಹೊತ್ತಿಗೆ ಟಕ್ ಟಕ್ಕೆಂದು ಬರುತ್ತಿದ್ದರು. “ಬಂದ್ರು ನೋಡು, ಕರೆಂಟಿನ ಪೂಜಾರಿ,” ಅನ್ನುತ್ತಿದ್ದಳು ಕಾಕೂ ಮಾಸ್ಕಿನೊಳಗಿಂದ. ಆ ಒಂದು ಚಳಿಗಾಲ ಮನೆಯಲ್ಲಿ ಅವಳ ನಗು ಇತ್ತು. ಅದು ನಮಗೆ ಸಿಕ್ಕದ್ದು ಕಾಕಾ ಅಂದು ಕಟ್ಟೆಯ ಮುಂದೆ ತಲೆ ತಗ್ಗಿಸಿದ್ದರಿಂದ. ಆ ಋಣ ನನ್ನ ಮೇಲಿದೆ.

ಕಾಕಾ ಕೂಡ ಈಗಿಲ್ಲ. ಅವಳ ಹಿಂದೆಯೇ, ಒಂದು ಮಳೆಗಾಲ ಕಳೆಯುವುದರೊಳಗೆ ಹೋದರು. ಆದರೆ ಅವರೆಂದರೆ ನನಗೆ ನೆನಪಾಗುವುದು ಕಾಕೂ ಹೋದ ಬೆಳಗು. ಅವಳ ಉಸಿರು ನಿಂತಿತ್ತು. ಮಷೀನು ಮಾತ್ರ ಗುಂಯ್‌ಗುಡುತ್ತ ಗಾಳಿ ಕೊಡುತ್ತಲೇ ಇತ್ತು. ಅದನ್ನು ನಿಲ್ಲಿಸಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ.

ಕಾಕಾ ಎದ್ದರು. ಬೋರ್ಡಿನತ್ತ ನಡೆದರು. ಸದ್ದಾಗಲಿಲ್ಲ.

“ಅಕಿಗೆ ಸಾಕಾಗೇದ,” ಎಂದು ಸ್ವಿಚ್ಚು ಒತ್ತಿದರು.

ಹಾವಿಗೆಗಳು ಅವಳ ಮಂಚದ ಕೆಳಗೇ ಇದ್ದವು.