ಎರಡನೇ ಸಾಲಿಗೆ ಓಡಿದ ವಾಕ್ಯ

ಮೊನ್ನೆ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ಕೊಂಡೆ. ತಿಂದು ಮುಗಿದ ಮೇಲೆ ಪೊಟ್ಟಣದ ಕಾಗದ ಬಿಡಿಸಿ ಓದುವುದು ನನ್ನ ಹಳೆಯ ಚಟ. ಅದು ಯಾವುದೋ ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನ ಹಾಳೆ. ‘ಇವುಗಳಲ್ಲಿ ರನ್-ಆನ್ ವಾಕ್ಯ ಯಾವುದು?’ ಎಂಬ ಇಂಗ್ಲಿಷ್ ಪ್ರಶ್ನೆ, ಅದರ ಕೆಳಗೆ ನಾಲ್ಕು ವಾಕ್ಯಗಳು. ಯಾರೋ ಪುಣ್ಯಾತ್ಮರು ಎಲ್ಲಕ್ಕಿಂತ ಉದ್ದದ ವಾಕ್ಯಕ್ಕೆ ಪೆನ್ನಿನಿಂದ ಗುರುತು ಹಾಕಿದ್ದರು. ತಪ್ಪು ಉತ್ತರ. ನನಗೆ ಸಫಾರಿ ಮಾಸ್ತರರು ನೆನಪಾದರು.

ರನ್-ಆನ್ ಎಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ಚಿಂತೆ ಬೇಡ. ಅದನ್ನು ಕಲಿಸುತ್ತೇನೆಂದು ಫೀ ತೆಗೆದುಕೊಳ್ಳುತ್ತಿದ್ದ ಮಾಸ್ತರರಿಗೂ ಗೊತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬ್ಯಾಂಕ್ ಪರೀಕ್ಷೆಗೆಂದು ಅವರು ನಿಪ್ಪಾಣಿಯ ಒಂದು ತಂಬಾಕಿನ ಗೋದಾಮಿನ ಮಹಡಿಯಲ್ಲಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲೂ ಬೂದು ಬಣ್ಣದ ಸಫಾರಿ ಸೂಟು ಅವರ ಮೈ ಬಿಟ್ಟು ಇಳಿಯುತ್ತಿರಲಿಲ್ಲ. ಅವರ ಇಂಗ್ಲಿಷಿನಲ್ಲಿ ಅತ್ಯಂತ ಗಟ್ಟಿಯಾದದ್ದು ಆ ಸೂಟೇ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನಾನೂ ಅದನ್ನು ನೋಡಿಯೇ ತಲೆಬಾಗಿದ್ದೆ.

ಅಕ್ಕೋಳದಿಂದ ನಾವಿಬ್ಬರು ಹೋಗುತ್ತಿದ್ದೆವು: ನಾನು ಮತ್ತು ನನ್ನ ಅಣ್ಣನ ಹೆಂಡತಿ ಶಕುಂತಲಾ ವೈನಿ. ವೈನಿ ಅಥಣಿ ಕಡೆಯವರು, ಬಿ.ಎ. ಮುಗಿಸಿ ನಮ್ಮ ಮನೆಗೆ ಬಂದವರು. ನೌಕರಿಯ ಆಸೆ ನನಗಿಂತ ಅವರಿಗೇ ಹೆಚ್ಚು. ಹುಡುಗಿಯಾದ ನನ್ನ ಜೊತೆಗೆ ಒಬ್ಬರು ಬೇಕೆಂಬ ನೆಪದಲ್ಲಿ ಅವರಿಗೂ ಅಪ್ಪ ಒಪ್ಪಿಗೆ ಕೊಟ್ಟಿದ್ದರು.

“ಒಂದ ಸಲ ಬರಿಯವಾ,” ಎಂದಿದ್ದರು ಸೊಸೆಗೆ. “ಆದ್ರ ಆತು. ಇಲ್ಲಂದ್ರ ಆ ಸುದ್ದಿ ಮನ್ಯಾಗ ಮತ್ತ ತಗೀಬ್ಯಾಡ.”

ಕ್ಲಾಸಿನಲ್ಲಿ ಒಂದು ದಿನ ರನ್-ಆನ್ ವಾಕ್ಯದ ಪಾಠ ಬಂತು. ಮಾಸ್ತರರು ಬೋರ್ಡಿನ ಮೇಲೆ ಎರಡು ಸಾಲು ಉದ್ದದ ವಾಕ್ಯವೊಂದನ್ನು ಬರೆದು ಸೀಮೆಸುಣ್ಣದ ಕೈ ಝಾಡಿಸಿದರು. “ರನ್ ಅಂದ್ರ ಓಡೂದು. ವಾಕ್ಯ ಮೊದಲನೇ ಸಾಲಿನ್ಯಾಗ ಮುಗೀದ ಎರಡನೇ ಸಾಲಿಗಿ ಓಡಿತಂದ್ರ ಅದು ರನ್-ಆನ್. ಕಣ್ಣು ಮುಚ್ಚಿ ತಪ್ಪು ಅನ್ರಿ.”

ಎಲ್ಲರೂ ಬರೆದುಕೊಂಡೆವು. ವೈನಿ ಕೈ ಎತ್ತಿದರು. “ಸರ್, ‘ಇಟ್ ರೇನ್ಡ್, ವಿ ರ‍್ಯಾನ್’ ಅಂತ ಬರದ್ರ ಹೆಂಗ್ರಿ? ಮಳಿ ಬಂತು, ನಾವು ಓಡಿದಿವಿ. ಎರಡು ಪೂರಾ ಮಾತು ಅದಾವು, ನಡುವ ಬರೇ ಕಾಮಾ ಐತಿ. ಅದೂ ರನ್-ಆನ್ ಅಲ್ಲೇನ್ರಿ?”

“ಬಾಯಾರ, ನಾಕು ಶಬ್ದದ ವಾಕ್ಯ ಎಲ್ಲಿಗಿ ಓಡತೈತಿ?” ಎಂದರು ಮಾಸ್ತರರು. ಕ್ಲಾಸು ನಕ್ಕಿತು.

“ಉದ್ದಕ್ಕೂ ಇದಕ್ಕೂ ಸಂಬಂಧ ಇಲ್ರಿ ಸರ್. ಪುಸ್ತಕದಾಗ…”

“ಪುಸ್ತಕ ಓದೇ ಕಲಿಯೂದಿದ್ರ ನನ್ನ ಕ್ಲಾಸ್ ಯಾಕ್ರಿ? ರೊಟ್ಟಿ ಬಡಿಯೂದು ಬಿಟ್ಟು ಬಂದು ನನಗ ಗ್ರಾಮರ್ ಕಲಸ್ತೀರಿ? ನಾಳಿಂದ ಬರಬ್ಯಾಡ್ರಿ.”

ವೈನಿ ಚೀಲ ಎತ್ತಿಕೊಂಡು ಎದ್ದರು. ನಾನೂ ಎದ್ದೆ. ವ್ಯಾಕರಣದ ಅಭಿಮಾನದಿಂದ ಎದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಳಗಿನ ತಂಬಾಕಿನ ಘಾಟಿಗೆ ಸೀನಿ ಸೀನಿ ಸಾಕಾಗಿತ್ತು. ವೈನಿಯ ಸಿಟ್ಟಿನಲ್ಲಿ ನನಗೊಂದು ಒಳ್ಳೆಯ ದಾರಿ ಸಿಕ್ಕಿತು.

ಮನೆಯಲ್ಲಿ ನಾನು ಏನಾದರೂ ಕಥೆ ಕಟ್ಟುವ ಮೊದಲೇ ವೈನಿ ತಾವೇ ಅಪ್ಪನ ಮುಂದೆ ನಿಂತು ನಡೆದದ್ದನ್ನು ಹೇಳಿದರು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. “ಮಾಸ್ತರ ಹೊರಗ ಹಾಕ್ಯಾರಂದ್ರ ತಪ್ಪು ನಿಂದ ಇರಬೇಕಲ್ಲವಾ.”

“ಪರೀಕ್ಷಾದಾಗ ಗೊತ್ತಾಗತೈತ್ರಿ, ಮಾಂವಾರ,” ಎಂದು ವೈನಿ ಒಳಗೆ ಹೋದರು.

ಅಲ್ಲಿಂದ ನಮ್ಮ ಕ್ಲಾಸು ಒಲೆಯ ಮುಂದೆ ನಡೆಯಿತು. ವೈನಿ ರೊಟ್ಟಿ ತಟ್ಟುತ್ತ ಹೇಳುತ್ತಿದ್ದರು: “ನೋಡು, ‘ಎದ್ದು, ಕಸಾ ಹೊಡದು, ರೊಟ್ಟಿ ಬಡದು, ಬುತ್ತಿ ಕಟ್ಟಿ, ಹೊಲಕ್ಕ ಹೋದೆ’ ಅಂದ್ರ ಎಷ್ಟ ಉದ್ದ ಆದ್ರೂ ಮುಗಿಯೂದು ಒಂದ ಕಡೆ, ‘ಹೋದೆ’ ಅನ್ನೂದ್ರಾಗ. ಅದು ಒಂದ ವಾಕ್ಯ. ಇಂಗ್ಲಿಷಿನ್ಯಾಗ ಎರಡು ಮಾತು ತಮ್ಮಷ್ಟಕ್ಕ ತಾವ ಮುಗದು ನಿಂತಿದ್ರ ಅವನ್ನ ಬರೇ ಒಂದು ಕಾಮಾ ಹಿಡಿಯಾಕ ಆಗೂದಿಲ್ಲ. ನಡುವ ಫುಲ್‌ಸ್ಟಾಪ್ ಇಡು, ಇಲ್ಲಾ ಸೆಮಿಕೋಲನ್ ಇಡು, ಇಲ್ಲಾ ಕಾಮಾದ ಮುಂದ ಒಂದು ‘ಆ್ಯಂಡ್’, ‘ಬಟ್’, ‘ಸೋ’ ಹಚ್ಚು. ಸಾಲು ಎಣಿಸಬ್ಯಾಡ. ಮಾತು ಎಲ್ಲಿ ಮುಗೀತು ನೋಡು.”

ಪರೀಕ್ಷೆ ಬೆಳಗಾವಿಯಲ್ಲಿ. ಪ್ರಶ್ನೆಪತ್ರಿಕೆ ತೆರೆದು ನೋಡುತ್ತೇನೆ, ಪುಟವನ್ನು ನಡುವೆ ಸೀಳಿ ಎರಡು ಕಾಲಮ್ಮಿನಲ್ಲಿ ಮುದ್ರಿಸಿದ್ದಾರೆ. ಕಾಲಮ್ಮು ಎಷ್ಟು ಕಿರಿದೆಂದರೆ ಪ್ರತಿಯೊಂದು ವಾಕ್ಯವೂ ಎರಡನೇ ಸಾಲಿಗೆ ಓಡಿತ್ತು. ನನ್ನ ಮುಂದಿನ ಬೆಂಚಿನಲ್ಲಿ ನಮ್ಮ ಕ್ಲಾಸಿನವನೇ ಒಬ್ಬ ಹುಡುಗ, ಮುಗಳಖೋಡದವನು. ಅವನು ಒಂದೊಂದು ವಾಕ್ಯದ ಮೇಲೂ ಬೆರಳು ಎಳೆಯುತ್ತ ಹೋಗಿ, ಸಾಲು ಮುರಿದಲ್ಲಿ ನಿಂತು, ಮತ್ತೆ ಮೊದಲಿನಿಂದ ಎಳೆಯುತ್ತಿದ್ದ. ಹೊರಗೆ ಬಂದ ಮೇಲೆ ಬೆವರು ಒರೆಸಿಕೊಳ್ಳುತ್ತ ಕೇಳಿದ: “ಅಕ್ಕಾರ, ಎಲ್ಲಾನೂ ರನ್-ಆನ್ ಇದ್ದುವಲ್ರಿ. ನೀವು ಯಾವುದಕ್ಕ ಗುರುತು ಹಾಕಿದ್ರಿ?”

ಇದಕ್ಕೆ ಮಾಸ್ತರರು ಕೊಟ್ಟ ವಿವರಣೆಯೂ ನಮ್ಮ ಕಿವಿಗೆ ಬಿತ್ತು: ತಪ್ಪು ಪ್ರೆಸ್ಸಿನವರದು, ಕಾಗದ ಸಣ್ಣದಾಯಿತು. ಇಂಥ ವಿದ್ವತ್ತಿಗೆ ಯಾರು ತಾನೇ ಉತ್ತರ ಕೊಟ್ಟಾರು?

ವೈನಿ ಪಾಸಾದರು. ಸಂದರ್ಶನವೂ ಮುಗಿದು ರಾಯಬಾಗದ ಶಾಖೆಗೆ ಆರ್ಡರು ಬಂತು. ಅಪ್ಪ ಆರ್ಡರನ್ನು ತಿರುಗಿಸಿ ಮುರುಗಿಸಿ ನೋಡಿ, “ಸೀರಿ ನಾಕು ಹೊಸಾವ ತಗೋ,” ಎಂದಷ್ಟೇ ಹೇಳಿದರು. ನಾನು ಗಣಿತದಲ್ಲಿ ಮುಗ್ಗರಿಸಿದೆ. ಅದಕ್ಕೆ ಸಫಾರಿ ಮಾಸ್ತರರು ಹೊಣೆಯಲ್ಲ, ಅಷ್ಟು ನ್ಯಾಯ ಅವರಿಗೂ ಸಲ್ಲಲಿ.

ಸೀರೆಗೆಂದು ನಾವಿಬ್ಬರೂ ನಿಪ್ಪಾಣಿಗೆ ಹೋದಾಗ ಕ್ಲಾಸಿನ ಮೆಟ್ಟಿಲ ಹತ್ತಿರ ಪೇಂಟರನೊಬ್ಬ ಹೊಸ ಬೋರ್ಡು ಬರೆಯುತ್ತಿದ್ದ. ಕೆಂಪು ಅಕ್ಷರದ ಇಂಗ್ಲಿಷು: ‘ಶಕುಂತಲಾ ಜಾಯಿನ್ಡ್ ಅವರ್ ಕ್ಲಾಸ್, ಶಿ ಗಾಟ್ ಎ ಬ್ಯಾಂಕ್ ಜಾಬ್.’ ಶಕುಂತಲಾ ನಮ್ಮ ಕ್ಲಾಸು ಸೇರಿದಳು, ಅವಳಿಗೆ ಬ್ಯಾಂಕ್ ನೌಕರಿ ಸಿಕ್ಕಿತು. ಹೊರಗೆ ಹಾಕಿದ ಸಂಗತಿಗೆ ಬೋರ್ಡಿನಲ್ಲಿ ಜಾಗ ಸಾಲದೆ ಹೋಗಿರಬೇಕು.

ಮಾಸ್ತರರು ನಗುತ್ತ ಇಳಿದು ಬಂದರು. “ಬರ್ರಿ ಬರ್ರಿ, ನಮ್ಮ ಕ್ಲಾಸಿನ ಮರ್ಯಾದಿ ಹೆಚ್ಚು ಮಾಡಿದ್ರಿ.”

ವೈನಿ ಬೋರ್ಡನ್ನು ಪೂರ್ತಿ ಓದಿದರು. “ನನ್ನ ಹೆಸರು ಅಳಸಬ್ಯಾಡ್ರಿ ಸರ್. ಆ ಕಾಮಾ ಅಷ್ಟ ತಗದು ಫುಲ್‌ಸ್ಟಾಪ್ ಇಡಸ್ರಿ. ನಾ ನಿಮ್ಮ ಕ್ಲಾಸಿಗಿ ಬಂದದ್ದು ಒಂದು ಮಾತು. ನನಗ ನೌಕರಿ ಸಿಕ್ಕದ್ದು ಬ್ಯಾರೇನ ಮಾತು.”

“ಒಂದ ಸಾಲಿನ್ಯಾಗ ಐತಲ್ರಿ,” ಎಂದರು ಮಾಸ್ತರರು. ಪಾಪ, ನಂಬಿಕೆ ಗಟ್ಟಿ.

ಮೆಟ್ಟಿಲ ಮೇಲೆ ನಿಂತಿದ್ದ ಹುಡುಗ ಹುಡುಗಿಯರು ನೋಡುತ್ತಿದ್ದರು. ಯಾರೂ ನಗಲಿಲ್ಲ. ಪೇಂಟರ ಬ್ರಶ್ಶು ಹಿಡಿದು ಮಾಸ್ತರರ ಮುಖ ನೋಡಿದ. ಮಾಸ್ತರರು ಸೂಟಿನ ಗುಂಡಿ ಮುಟ್ಟಿಕೊಂಡು, “ಇಡಪಾ, ಏನೋ ಒಂದು ಇಡು,” ಎಂದು ಮೇಲೆ ಹತ್ತಿ ಹೋದರು. ಪೇಂಟರ ಅರಿವೆಯಿಂದ ಕಾಮಾದ ಬಾಲ ಒರೆಸಿದ.

ಮರುವರ್ಷ ಆ ಕ್ಲಾಸಿನಲ್ಲಿ ಕೂರಲು ಜಾಗವಿರಲಿಲ್ಲವಂತೆ. ಬೋರ್ಡಿನ ಹೆಸರನ್ನು ಜನ ಓದಿದರು, ಚುಕ್ಕೆಯನ್ನು ಯಾರು ಓದುತ್ತಾರೆ?

ಮೊನ್ನೆ ಮನೆಗೆ ಬಂದು ವೈನಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಈಗ ಚಿಕ್ಕೋಡಿಯಲ್ಲಿದ್ದಾರೆ. ಮಾಸ್ತರರ ಮಾತು ತೆಗೆದು ಎಂದಿನಂತೆ ನಗತೊಡಗಿದೆ. ಅವರು ನಗಲಿಲ್ಲ.

“ತಪ್ಪು ಯಾರಿಗಿ ಆಗೂದಿಲ್ಲ ಹೇಳು. ಬ್ಯಾಂಕಿನ್ಯಾಗ ನಾ ಏನ್ ಕಡಿಮಿ ತಪ್ಪು ಮಾಡೇನಿ? ಅವತ್ತ ನನ್ನ ಹೊರಗ ಹಾಕಿದ ಮ್ಯಾಲ ಆ ಖೋಲ್ಯಾಗ ಮತ್ತ ಯಾರರ ಕೈ ಎತ್ತಿದ್ರೇನು? ಅದನ್ನ ವಿಚಾರ ಮಾಡು.”

ಪರೀಕ್ಷೆಯ ಹಾಲಿನಲ್ಲಿ ಕೊನೆಯ ಗಂಟೆ ಬಾರಿಸುವವರೆಗೂ ವಾಕ್ಯಗಳ ಮೇಲೆ ಬೆರಳು ಎಳೆಯುತ್ತ ಕೂತಿದ್ದ ಆ ಮುಗಳಖೋಡದ ಹುಡುಗ ಕಣ್ಣ ಮುಂದೆ ಬಂದ. ಅವನನ್ನು ನೆನೆದು ನಾನು ಎಷ್ಟು ಮದುವೆ ಮನೆಗಳಲ್ಲಿ ಎಷ್ಟು ಜನರನ್ನು ನಗಿಸಿದ್ದೇನೋ. ಅವನಿಗೂ ಮನೆಯಲ್ಲಿ ಯಾರೋ ಒಂದೇ ಸಲ ಬರೆಯಲು ಹೇಳಿ ಕಳಿಸಿದ್ದಿರಬೇಕು.